ಗುಂಡಿ ಒತ್ತಬೇಕು ಅಂತ ಯಾರಾದ್ರೂ ಒಂದು ಮಾತು ಹೇಳಬಾರದಿತ್ತಾ?

ಒತ್ತಬೇಕಂತೆ. ಗುಂಡಿ ಒತ್ತಬೇಕಂತೆ! ರೈಲಿನ ಬಾಗಿಲ ಮೇಲೆ, ಕೈಗೆಟುಕೋ ಎತ್ತರದಲ್ಲಿ, ಸುತ್ತಲೂ ದೀಪ ಹೊತ್ತಿಸಿಕೊಂಡು ಕೂತಿತ್ತು. ಒತ್ತಿದ್ರೆ ತೆಗೆಯುತ್ತೆ, ಒತ್ತದಿದ್ರೆ ಇಲ್ಲ. ಇಷ್ಟಕ್ಕೆ ಈಗ ಆಸ್ಟ್ರಿಯಾದಲ್ಲಿ, ಇಳೀಬೇಕಿದ್ದ ಹಾಲ್‌ಸ್ಟಾಟ್ ದಾಟಿ ಮುಂದಿನ ಓಬರ್‌ಟ್ರೌನ್ ಸ್ಟೇಷನ್ನಿನ ಬೆಂಚಿನ ಮೇಲೆ ಐದು ಜನ, ನಾಲ್ಕು ಸೂಟ್‌ಕೇಸು, ಅರ್ಧ ಡಬ್ಬ ಚಕ್ಲಿ.

ರೈಲು ನಿಂತಿತ್ತು ಕಣ್ರೀ. ಹಾರಿ ಹೋಗಲಿಲ್ಲ, ನಿಂತಿತ್ತು. ಹೊರಗೆ ಬೋರ್ಡು ಕಾಣ್ತಿತ್ತು, ಹಾಲ್‌ಸ್ಟಾಟ್ ಅಂತ. ಕೆಳಗೆ ಕೆರೆಯ ಅಂಚಲ್ಲಿ ದೋಣಿ ಕಾಯ್ತಿತ್ತು. ಬಾಗಿಲ ಮುಂದೆ ಎಲ್ಲರೂ ಶಿಸ್ತಾಗಿ ಸಾಲು ನಿಂತಿದ್ವಿ, ಅಪ್ಪ ಮುಂದೆ. "ತೆಗೀತಿಲ್ವಲ್ಲೋ" ಅಂದ್ರು ಅಮ್ಮ. "ತಾಳೇ, ತಾನಾಗೇ ತೆಗೆಯುತ್ತೆ" ಅಂದ್ರು ಅಪ್ಪ, ರೈಲ್ವೇಲೇ ರಿಟೈರಾದೋರ ಥರ. ದೊಡ್ಡಮ್ಮ ಬಾಗಿಲನ್ನ ಕೈಯಿಂದ ಸ್ವಲ್ಪ ತಳ್ಳಿದ್ರು, ಗೋದ್ರೆಜ್ ಬೀರು ತಳ್ಳೋ ಹಾಗೆ. ಆ ಕಡೆ ಬಾಗಿಲಿಂದ ಮೂರು ಜನ ಇಳಿದು, ಗಾಜಿನಾಚೆ ನಮ್ಮ ಮುಂದೇನೇ ಹಾದು ದೋಣಿಯ ಕಡೆ ಇಳಿದು ಹೋದ್ರು. ಅವರಲ್ಲೊಬ್ಬ ನಮ್ಮನ್ನ ನೋಡಿದ. ಇವರ್ಯಾಕೆ ಇಳೀತಿಲ್ಲ ಅಂತ ನೋಡಿದ. ನಾನು ಅವನಿಗೆ ನಕ್ಕೆ! ಯಾಕೆ ನಕ್ಕೆ? ದೀಪ ಆರಿತು. ರೈಲು ಹೊರಟಿತು.

ಗೊತ್ತಿರೋರು ನಗ್ತೀರ, ನಗಿ. ನಮ್ಮ ಮೆಟ್ರೋ ಬಾಗಿಲು ತಾನಾಗೇ ತೆಗೆಯಲ್ವಾ? ಇಲ್ಲಿ ಹಾಗಲ್ಲ. ಚಾಲಕ ಎಲ್ಲ ಬಾಗಿಲ ಬೀಗವನ್ನ ಒಟ್ಟಿಗೆ ಬಿಡ್ತಾನೆ, ಆಗ ಗುಂಡಿಯ ಸುತ್ತ ಬೆಳಕು ಬರುತ್ತೆ. ಯಾರಿಗೆ ಇಳೀಬೇಕೋ ಅವರು ಒತ್ತಬೇಕು, ಆ ಒಂದು ಬಾಗಿಲು ಮಾತ್ರ ತೆಗೆಯುತ್ತೆ. ಚಳಿಗಾಲದಲ್ಲಿ ಸಣ್ಣ ಸಣ್ಣ ನಿಲ್ದಾಣದಲ್ಲೆಲ್ಲ ಬಾಗಿಲುಗಳೆಲ್ಲ ತೆರೆದುಕೊಂಡ್ರೆ ಒಳಗಿನ ಬಿಸಿ ಪೂರ್ತಿ ಹೊರಗೆ ಹೋಗುತ್ತೆ, ಅದಕ್ಕೆ ಈ ಏರ್ಪಾಡು. ನ್ಯಾಯವೇ. ನಾನೇನೂ ಅನ್ನಲ್ಲ. ಆದ್ರೆ ಯಾರೂ ಒತ್ತದಿದ್ರೆ ಒಳಗೆ ಐದು ಜನ ಇಳಿಯೋರಿದ್ದಾರೆ ಅಂತ ಚಾಲಕನಿಗೆ ಹೇಗೆ ಗೊತ್ತಾಗಬೇಕು? ನಮ್ಮ ಕೆಂಪು ಬಸ್ಸಲ್ಲಾದ್ರೆ ಕಂಡಕ್ಟರ್ ಸೀಟಿ ಬಾಯಿಂದ ತೆಗೆದು "ಯಾರ್ರೀ ಇಳಿಯೋರು, ಮುಂದೆ ಬನ್ರೀ" ಅಂತ ಕೂಗಿರೋನು. ಬೈದೇ ಇಳಿಸಿರೋನು. ಆ ಬೈಗುಳದ ಬೆಲೆ ಇವತ್ತು ಗೊತ್ತಾಯ್ತು.

ಬೆಳಗಿಂದ ಒಂದು ರೈಲು ಇಳಿದು ಇನ್ನೊಂದು ಹತ್ತಿದ್ದಾಯ್ತು, ಆಗ ಬಾಗಿಲು ಹೇಗೆ ತೆಗೀತು ಅಂತ ಕೇಳ್ತೀರಲ್ವಾ? ವಿಯೆನ್ನಾದಿಂದ ಬಂದ ದೊಡ್ಡ ರೈಲು, ಆಟ್ನಾಂಗ್-ಪುಖ್‌ಹೈಮ್‌ನಲ್ಲಿ ಬದಲಿಸಿದ ಈ ಸಣ್ಣ ರೈಲು, ಎರಡರಲ್ಲೂ ನಮಗಿಂತ ಮುಂಚೆ ಯಾರೋ ಒತ್ತಿದ್ರು. ನಮಗೆ ಕಂಡಿದ್ದು ಬಾಗಿಲು ತೆಗೆದಿದ್ದು ಮಾತ್ರ. ಇಲ್ಲಿ? ಲಗೇಜು ಇದೆ, ಜನರಿಗೆ ತೊಂದರೆ ಬೇಡ, ಯಾರೂ ಇಲ್ಲದ ಬಾಗಿಲಿಗೆ ಹೋಗೋಣ ಅಂದಿದ್ದು ನಾನೇ. ಬುದ್ಧಿವಂತ. ಮೂರು ತಿಂಗಳಿಂದ ಎಕ್ಸೆಲ್ ಶೀಟು ಮಾಡಿದ ಬುದ್ಧಿವಂತ.

ಆ ಶೀಟಲ್ಲಿ ಏನಿಲ್ಲ ಹೇಳಿ. 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಇದೆ. ಏಳು ಸಾವಿರ ವರ್ಷದ ಉಪ್ಪಿನ ಗಣಿ ಇದೆ. 1846ರಲ್ಲಿ ರಾಮ್‌ಸೌವರ್ ಅನ್ನೋ ಗಣಿ ಅಧಿಕಾರಿ ಪ್ರಾಚೀನ ಗೋರಿಗಳನ್ನ ಅಗೆಯೋಕೆ ಶುರು ಮಾಡಿ ಒಂದು ಇಡೀ ಯುಗಕ್ಕೇ ಈ ಊರಿನ ಹೆಸರು ಬಿದ್ದಿದ್ದು ಇದೆ. ಬಾಡ್ ಇಷ್ಲ್ ಕಡೆಯಿಂದ ಬರುವಾಗ ಬಲಗಡೆ ಕೂತ್ರೆ ಕೆರೆ ಕಾಣುತ್ತೆ ಅಂತಾನೂ ಬರೆದಿದ್ದೆ, ದಪ್ಪಕ್ಷರದಲ್ಲಿ. ಕಂಡಿತು. ಕೆರೆ, ಎದುರು ದಡದ ಚೂಪು ಗೋಪುರ, ಹೋಗ್ತಿರೋ ದೋಣಿ, ಎಲ್ಲಾ ಚೆನ್ನಾಗಿ ಕಂಡಿತು. ಬಾಗಿಲು ತೆಗೆಯೋದು ಹೇಗೆ ಅನ್ನೋ ಕಾಲಂ ಮಾತ್ರ ಇರಲಿಲ್ಲ.

ಮುಂದಿನ ರೈಲಲ್ಲಿ ವಾಪಸ್ ಹೋಗಿ ಅಂತ ಸಲಹೆ ಕೊಡೋಕೆ ಬರಬೇಡಿ. ಹಾಲ್‌ಸ್ಟಾಟ್ ಸ್ಟೇಷನ್ ಇರೋದು ಹಾಲ್‌ಸ್ಟಾಟ್‌ನಲ್ಲಿ ಅಲ್ಲ! ಕೆರೆಯ ಪೂರ್ವದ ದಡದಲ್ಲಿ ಸ್ಟೇಷನ್, ಪಶ್ಚಿಮದ ದಡದಲ್ಲಿ ಊರು. ಮಧ್ಯೆ ನೀರು, ದೋಣಿಯಲ್ಲಿ ಹತ್ತು ನಿಮಿಷ. ದೋಣಿ ರೈಲಿಗೆ ಹೊಂದಿಕೊಂಡೇ ಓಡುತ್ತೆ, ರೈಲು ಸ್ವಲ್ಪ ತಡ ಆದ್ರೂ ಕಾಯುತ್ತೆ. ಆದ್ರೆ ಸಂಜೆ ಆರೂವರೆ-ಏಳರ ಸುಮಾರಿಗೆ, ಋತು ನೋಡಿಕೊಂಡು, ದೋಣಿ ನಿಲ್ಲುತ್ತೆ. ರೈಲು ಮಾತ್ರ ಆಮೇಲೂ ಬರುತ್ತೆ. ಅಲ್ಲೇ ಮೋಸ. ಆ್ಯಪಲ್ಲಿ ರಾತ್ರಿ ರೈಲು ಕಾಣುತ್ತೆ, 'ಹಾಲ್‌ಸ್ಟಾಟ್' ಅಂತ ತೋರಿಸುತ್ತೆ, ಟಿಕೆಟ್ಟೂ ಸಿಗುತ್ತೆ. ಇಳಿದ್ರೆ ಕತ್ತಲು, ನಿಲ್ದಾಣದಲ್ಲಿ ನರಪಿಳ್ಳೆ ಇಲ್ಲ, ಎದುರಿಗೆ ನೀವು ರೂಮು ಬುಕ್ ಮಾಡಿದ ಹೋಟೆಲಿನ ದೀಪ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅದು. ನಮ್ಮದು ಕೊನೇ ದೋಣಿಯ ರೈಲು. ಅದನ್ನೂ ಶೀಟಲ್ಲಿ ಕೆಂಪು ಬಣ್ಣ ಬಳಿದು ಇಟ್ಟಿದ್ದೆ.

ಆ ದಡದಲ್ಲಿ ಯಾಕೆ ಸ್ಟೇಷನ್ ಕಟ್ಟಿದ್ರು ಅಂತ ಸಿಟ್ಟು ಬರುತ್ತೆ. ಬಂದು ಏನ್ ಪ್ರಯೋಜನ? 1877ರಲ್ಲಿ ಹಳಿ ಹಾಕುವಾಗ ಊರಿನ ಕಡೆ ಜಾಗವೇ ಇರಲಿಲ್ಲ. ಬೆಟ್ಟ ಸೀದಾ ನೀರಿಗೆ ಇಳಿಯುತ್ತೆ, ಮನೆಗಳು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಹಾಗಿವೆ. ಬಂಡೆ ಸಿಡಿಸಿ ರಸ್ತೆ ಮಾಡಿದ್ದೇ 1890ರಲ್ಲಿ. ಅಲ್ಲಿವರೆಗೆ ಊರಿಗೆ ಹೋಗಬೇಕಂದ್ರೆ ದೋಣಿ, ಇಲ್ಲಾ ಕಾಲುದಾರಿ. ತಮಾಷೆ ಅಂದ್ರೆ ಗಣಿಯ ಉಪ್ಪುನೀರಿಗೆ ಮಾತ್ರ 1600ರ ಆಸುಪಾಸಿನಲ್ಲೇ ದಾರಿ ಆಗಿತ್ತು: ಹದಿಮೂರು ಸಾವಿರ ಮರದ ದಿಮ್ಮಿ ಕೊರೆದು, ಒಂದಕ್ಕೊಂದು ಜೋಡಿಸಿ, ಎಬನ್‌ಸೇ ಅನ್ನೋ ಊರಿನವರೆಗೆ ನಲವತ್ತು ಕಿಲೋಮೀಟರ್ ಕೊಳವೆ. ಉಪ್ಪುನೀರು ಸರಾಗವಾಗಿ ಹೋಯ್ತು. ನಾವು ಸಿಕ್ಕಿಹಾಕಿಕೊಂಡ್ವಿ. ಸತ್ತೋರಿಗೂ ಅಲ್ಲಿ ಕಾಯಂ ಜಾಗ ಇರಲಿಲ್ಲ. ಹತ್ತು ಹದಿನೈದು ವರ್ಷಕ್ಕೆ ಗೋರಿ ತೆರೆದು, ಬುರುಡೆ ಬಿಸಿಲಿಗಿಟ್ಟು ಬಿಳಿ ಮಾಡಿ, ಮೇಲೆ ಹೂವು ಬಳ್ಳಿ ಹೆಸರು ಬರೆದು ಸಣ್ಣ ಕೋಣೆಯಲ್ಲಿ ಜೋಡಿಸ್ತಿದ್ರು. ಸಾವಿರದ ಇನ್ನೂರಕ್ಕೂ ಹೆಚ್ಚು ಬುರುಡೆ ಇವೆ. ಬುರುಡೆಗೇ ಜಾಗವಿಲ್ಲದ ಊರಲ್ಲಿ ರೈಲ್ವೇ ಸ್ಟೇಷನ್ ಕೇಳೋಕೆ ನಾನ್ಯಾರು?

ಆದ್ರೂ! ಆದ್ರೂ ರೀ, ರೀಲ್ ಮಾಡೋರನ್ನ ಕೇಳಬೇಕು. ಎಷ್ಟು ರೀಲ್ ನೋಡಿದ್ದೀನಿ ಲೆಕ್ಕವಿಲ್ಲ. ಎಲ್ಲದರಲ್ಲೂ ಒಂದೇ: ರೈಲಿನ ಕಿಟಕಿ, ಕಟ್, ದೋಣಿಯಲ್ಲಿ ಗಾಳಿಗೆ ಹಾರೋ ದುಪಟ್ಟಾ, ಕಟ್, ಆ ಮಾಮೂಲಿ ಮೂಲೆಯಿಂದ ಚರ್ಚು ಮತ್ತು ಕೆರೆ. ಆ ಮೊದಲನೇ ಕಟ್ ಇದೆಯಲ್ಲ, ಅದರೊಳಗೇ ಈ ಗುಂಡಿ ಇರೋದು. ಯಾರಾದ್ರೂ ಒಬ್ಬರು, ಒಂದೇ ಒಂದು ಸೆಕೆಂಡು, ಬೆರಳಲ್ಲಿ ಒತ್ತಿ ತೋರಿಸಿದ್ರೆ ಗಂಟು ಹೋಗ್ತಿತ್ತಾ? ಯಾವ ಕೆಫೆಯಲ್ಲಿ ಕೇಕು ಚೆನ್ನಾಗಿದೆ ಅಂತ ಹೇಳ್ತೀರ. ಸಾರ್ವಜನಿಕ ಶೌಚಾಲಯಕ್ಕೆ ಒಂದು ಯೂರೋ ನಾಣ್ಯ ಜೇಬಲ್ಲಿರಲಿ ಅಂತ ಹೇಳಲ್ಲ. ಮಾಮೂಲಿ ರೈಲು ಟಿಕೆಟ್ಟಲ್ಲಿ ದೋಣಿ ಸೇರಿಲ್ಲ, ಬೇರೆ ತಗೋಬೇಕು ಅಂತ ಹೇಳಲ್ಲ. ಊರೊಳಗೆ ಹಗಲು ಹೊರಗಿನವರ ಕಾರು ಬಿಡಲ್ಲ, ಸೂಟ್‌ಕೇಸು ಕಲ್ಲುಹಾಸಿನ ಮೇಲೆ ನೀವೇ ಎಳೀಬೇಕು ಅಂತ ಹೇಳಲ್ಲ. ಯಾರಾದ್ರೂ ಉತ್ತರ ಕೊಡಿ. ಯಾಕೆ ಹೇಳಲ್ಲ? ನಿಮಗೂ ಹೀಗೇ ಆಗಿತ್ತು, ಹೇಳ್ಕೊಳೋಕೆ ನಾಚಿಕೆ, ಅಷ್ಟೇ ತಾನೇ?

ಊರಿನವರ ಮೇಲೂ ಕೋಪ ಬಂತು, ಸ್ವಲ್ಪ ಹೊತ್ತು. ಇಷ್ಟು ದುಡ್ಡು ಬರುತ್ತಲ್ಲ, ರಾತ್ರಿ ಒಂಬತ್ತರವರೆಗೆ ದೋಣಿ ಬಿಡಬಾರದಾ ಅಂತ. ಆಮೇಲೆ ಯೋಚಿಸಿದೆ: ಏಳುನೂರು ಎಂಟುನೂರು ಜನ ಇರೋ ಊರು. ಜೋರು ದಿನಗಳಲ್ಲಿ ಹತ್ತು ಸಾವಿರ ಜನ ಬಂದು ಕಿಟಕಿ ಕೆಳಗೆ ನಿಂತು ಫೋಟೋ ತೆಗೀತಾರೆ. 2023ರ ಮೇ ತಿಂಗಳಲ್ಲಿ ಸೆಲ್ಫಿ ಮೂಲೆಗೆ ಅಡ್ಡ ಹಲಗೆ ಬೇಲಿ ಕಟ್ಟಿಬಿಟ್ಟಿದ್ರು. ಗಲಾಟೆಯಾಗಿ ತೆಗೆದ್ರು. ಆಗಸ್ಟಲ್ಲಿ ಊರವರೇ ಸುರಂಗದ ರಸ್ತೆ ಅಡ್ಡಗಟ್ಟಿ ಪ್ರತಿಭಟನೆ ಮಾಡಿದ್ರು, ಸಂಜೆ ಐದರ ಮೇಲೆ ಟೂರಿಸ್ಟ್ ಬಸ್ಸು ಬೇಡ ಅಂತ. ಅವರಿಗೆ ಸಂಜೆ ಅನ್ನೋದು ಉಳಿದಿರೋದೇ ಕೊನೇ ದೋಣಿ ಹೋದಮೇಲೆ. ಅದನ್ನೂ ಕಿತ್ತುಕೊಳ್ಳೋಣ ಅಂತೀನಾ? ಅನ್ನಲ್ಲ. ಹೋಗ್ಲಿ ಬಿಡಿ. ಚೀನಾದವರು 2012ರಲ್ಲಿ ಗುವಾಂಗ್‌ಡಾಂಗ್‌ನಲ್ಲಿ ಈ ಊರನ್ನೇ ನಕಲು ಮಾಡಿ ಕಟ್ಟಿದ್ದಾರೆ, ಅಲ್ಲಿಗೆ ಹೋಗಿದ್ರೆ ಈ ಗೋಳಿರ್ತಿರಲಿಲ್ಲವೇನೋ.

ಇಲ್ಲ, ಬಿಡೋಕಾಗ್ತಿಲ್ಲ. ಅರ್ಧ ಹೇಳಿದೆ, ಉಳಿದದ್ದು ಕೇಳಿ. ರೈಲು ಹೊರಟ ಮೇಲೂ ಅಪ್ಪ "ಇನ್ನೂ ಮುಂದೆ ಹೋಗಿ ನಿಲ್ಲುತ್ತೆ, ಪ್ಲಾಟ್‌ಫಾರ್ಮ್ ಉದ್ದ ಇರುತ್ತೆ" ಅಂದ್ರು. ನಾನು ಹೌದು ಅಂದೆ. ಹೌದು ಅಂದೆ! ಹಿಂದಿನ ಸೀಟಲ್ಲಿ ಆರೇಳು ವರ್ಷದ ಹುಡುಗಿ, ಬೆನ್ನಿಗೆ ಚೀಲ. ಎದ್ದು ಬಂದಳು. ಮಾತಾಡಲಿಲ್ಲ. ಬೆರಳಿಂದ ಗುಂಡಿ ತೋರಿಸಿದಳು. ಆಮೇಲೆ ನನ್ನನ್ನ ನೋಡಿದಳು. ಅವಳ ಅಜ್ಜ ಕೂತಲ್ಲಿಂದಲೇ ಒಂದೇ ಪದ ಹೇಳಿದ್ರು: "ಡ್ರುಕೆನ್." ಒತ್ತಬೇಕು ಅಂತ ಅರ್ಥ. ಜರ್ಮನ್ ಆ್ಯಪಲ್ಲಿ ನೂರು ದಿನ ಕಲಿತಿದ್ದೆ, 'ಕರಡಿ ಹಾಲು ಕುಡಿಯುತ್ತದೆ' ಅನ್ನೋದು ಬರುತ್ತೆ. ಈ ಪದ ಬರ್ತಿರಲಿಲ್ಲ. ಹೆಂಡತಿ ಅಂದಳು, "ರೀ, ಆ ಗುಂಡಿ ಮೇಲೆ ಬಾಗಿಲಿನ ಚಿತ್ರಾನೂ ಇದೆ." ಇತ್ತು. ಎರಡು ಕಡೆ ಬಾಣ ಇರೋ ಬಾಗಿಲು. ಇನ್ನೇನು ಬರೀಬೇಕಿತ್ತು, ಕನ್ನಡದಲ್ಲಿ?

ನಾಲ್ಕು ನಿಮಿಷಕ್ಕೆ ಓಬರ್‌ಟ್ರೌನ್ ಬಂತು. ಈ ಸಲ ಐದೂ ಜನ ಒಟ್ಟಿಗೆ ಒತ್ತಿದ್ವಿ. ಬೀಗ ಬಿಡೋಕೆ ಮುಂಚೇನೇ ಒತ್ತಿದ್ವಿ, ಅದಕ್ಕೆ ತೆಗೆಯಲಿಲ್ಲ, ದೊಡ್ಡಮ್ಮ ಅಳೋಕೆ ಶುರು ಮಾಡಿದ್ರು. ರೈಲು ಪೂರ್ತಿ ನಿಂತು, ಬೆಳಕು ಬಂದ ಮೇಲೆ ಒತ್ತಬೇಕು. ಬರೆದಿಟ್ಕೊಳ್ಳಿ.

ಇನ್ನೂ ಕೆಲವು ಬರೆದಿಟ್ಕೊಳ್ಳಿ, ನನ್ನ ಹೊಟ್ಟೆ ಉರಿಗೆ. ಇದು ಒಂಟಿ ಹಳಿಯ ಮಾರ್ಗ. ರೈಲು ಗಂಟೆಗೊಂದು, ಕೆಲವು ಹೊತ್ತು ಎರಡು ಗಂಟೆಗೊಂದು. ಹಗಲಲ್ಲಿ ಇಳಿಯೋದು ತಪ್ಪಿದ್ರೆ ಓಬರ್‌ಟ್ರೌನ್‌ನಲ್ಲಿ ಇಳಿದು ಎದುರು ಬರೋ ರೈಲು ಹಿಡೀಬಹುದು, ಅದಕ್ಕೂ ದೋಣಿ ಸಿಗುತ್ತೆ. ಬಸ್ಸೂ ಇದೆ. ಕೊನೇ ದೋಣಿ ಹೋದಮೇಲೆ ಹಾಲ್‌ಸ್ಟಾಟ್ ಸ್ಟೇಷನ್ನಲ್ಲಿ ಇಳಿಯಲೇಬೇಡಿ. ಅಲ್ಲಿಂದ ಊರಿಗೆ ಕೆರೆ ಸುತ್ತಿಕೊಂಡೇ ಬರಬೇಕು. ಓಬರ್‌ಟ್ರೌನ್‌ಗೇ ಬನ್ನಿ, ಇಲ್ಲಿಂದ ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರ್. ಟ್ಯಾಕ್ಸಿ ಬಂದು ನಿಂತಿರಲ್ಲ, ಹೋಟೆಲಿಗೆ ಫೋನ್ ಮಾಡಿ ಕರೆಸಬೇಕು. ಲಗೇಜು ಜಾಸ್ತಿ ಇದ್ರೆ ದೋಣಿಯ ಆಸೆಯನ್ನೇ ಬಿಡಿ. ಸಾಲ್ಜ್‌ಬರ್ಗ್‌ನಿಂದ 150ನೇ ಬಸ್ಸಲ್ಲಿ ಬಾಡ್ ಇಷ್ಲ್‌ಗೆ ಬಂದು, ಅಲ್ಲಿಂದ ಗೋಸೌಮ್ಯೂಲೆ ಮಾರ್ಗವಾಗಿ ಲಾಹ್ನ್‌ಗೆ ಹೋಗೋ ಬಸ್ಸು ನೋಡ್ಕೊಳ್ಳಿ. ಲಾಹ್ನ್ ಅಂದ್ರೆ ಊರಿನ ದಕ್ಷಿಣದ ತುದಿ, ನೀರು ದಾಟೋ ಹಂಗಿಲ್ಲ. ಬಸ್ಸಲ್ಲಿ ಇಳಿಯೋಕೂ ಗುಂಡಿ ಒತ್ತಬೇಕು. ಅದು ಗೊತ್ತಿತ್ತು ನನಗೆ! ಬಸ್ಸಿಂದು ಗೊತ್ತಿತ್ತು!

ಅಪ್ಪ ಈಗ ಚಕ್ಲಿ ತಿಂತಾ ಕೇಳ್ತಿದ್ದಾರೆ, "ದೋಣಿಗೂ ಬಾಗಿಲಿತ್ತೇನೋ?" ಉತ್ತರ ಕೊಟ್ಟಿಲ್ಲ.

ರಸ್ತೆಯಲ್ಲಿ ದೀಪ ಕಾಣ್ತಿದೆ, ಟ್ಯಾಕ್ಸಿ ಇರಬೇಕು. ಹೌದು, ನಿಲ್ಲಿಸಿದ. ಸಣ್ಣ ಕಾರು. ಐದು ಜನ, ನಾಲ್ಕು ಸೂಟ್‌ಕೇಸು ಅಂತ ಫೋನಲ್ಲೇ ಹೇಳಬೇಕಿತ್ತಾ?