ಸೋತವನಿಗೆ ಊಟ, ಗೆದ್ದವನಿಗೆ ಬಿಲ್ಲು

ಕೈಸಾಲ ಕೊಟ್ಟ 45,000 ರೂಪಾಯಿ ವಾಪಸು ಬರಲಿಲ್ಲ ಅಂತ ಬೆಂಗಳೂರಿನ ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಹೋದೆ. ಗೆದ್ದೆ. ಅವನು ದುಡ್ಡು ಕೊಡಬೇಕು ಅಂತ ಕೋರ್ಟಿನ ತೀರ್ಪು, ಅದೇ ಡಿಕ್ರಿ, ಕೈಗೆ ಬಂದ ದಿನ ಮನೆಯಲ್ಲಿ ಕೇಸರಿಬಾತು. ನಮ್ಮ ವಕೀಲರು ಎರಡು ಚಮಚ ತಿಂದು, "ಸರಿ, ಇನ್ನು ಅಮಲ್ಜಾರಿ ಅರ್ಜಿ ಹಾಕೋಣ" ಎಂದರು. ಅಂದರೆ ಕೋರ್ಟು ಹೇಳಿದ್ದನ್ನು ನಡೆಸಿಕೊಡಿ ಅಂತ ಕೋರ್ಟಿಗೇ ಇನ್ನೊಂದು ಅರ್ಜಿ. ಅದಕ್ಕೆ ಬೇರೆ ಫೀಸು, ನೋಟಿಸಿಗೆ ಬೇರೆ, ನೋಟಿಸು, ಜಪ್ತಿಗೆಂದು ಕೋರ್ಟು ಕಳಿಸುವ ಅಮೀನರು ಅವನ ಮನೆಗೆ ಹೋಗಲು ಬತ್ತಾ ಬೇರೆ, ಬಾಗಿಲು ಹಾಕಿತ್ತು ಅಂತ ಅವರು ತಿರುಗಿ ಬಂದರೆ ಮತ್ತೆ ಮೊದಲಿಂದ.

ಜಪ್ತಿ ಮಾಡಿಸೋಣ ಅಂದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ತೋರಿಸಿದರು. ಅವನ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಮುಟ್ಟುವಂತಿಲ್ಲ. ಹೋಗಲಿ, ಅವನ ಹಾಸಿಗೆ ನನಗೂ ಬೇಡ. ಸಂಬಳದಲ್ಲಿ ಮೊದಲ 1,000 ರೂಪಾಯಿ, ಉಳಿದಿದ್ದರಲ್ಲಿ ಮೂರರಲ್ಲಿ ಎರಡು ಪಾಲು ಅವನದೇ. ಮಿಕ್ಕ ಪಾಲು ಬೇಕಾದರೆ ಅವನು ಎಲ್ಲಿ ಕೆಲಸ ಮಾಡುತ್ತಾನೆಂದು ನಾನೇ ಹುಡುಕಬೇಕು. ಹುಡುಕಿದೆ. ಅಷ್ಟರಲ್ಲಿ ಕೆಲಸ ಬಿಟ್ಟಿದ್ದ.

ಹಾಗಾದರೆ ಸಿವಿಲ್ ಜೈಲು? ಆಗುತ್ತದೆ. ಕೈಯಲ್ಲಿ ದುಡ್ಡಿದ್ದೂ ಕೊಡುತ್ತಿಲ್ಲ ಅಂತ ತೋರಿಸಿದರೆ, ಬಾಕಿ 5,000ಕ್ಕಿಂತ ಜಾಸ್ತಿ ಇದ್ದರೆ, ಮೂರು ತಿಂಗಳವರೆಗೆ ಒಳಗಿಡಿಸಬಹುದು. ಒಳಗಿರುವಷ್ಟು ದಿನ ಅವನ ಊಟದ ಖರ್ಚು ಯಾರದು ಅಂತೀರಿ? ನನ್ನದು! ತಿಂಗಳು ಹುಟ್ಟುವ ಮೊದಲೇ ಮುಂಗಡ ಕಟ್ಟಬೇಕು, ಕಟ್ಟದಿದ್ದರೆ ಆಸಾಮಿಗೆ ಬಿಡುಗಡೆ. ಆ ಭತ್ಯೆಯ ದರವನ್ನು ಸರ್ಕಾರ ಸಾಲಗಾರನ ಅಂತಸ್ತು, ಜನಾಂಗ, ರಾಷ್ಟ್ರೀಯತೆ ನೋಡಿ ಗೊತ್ತುಮಾಡಬಹುದು ಅಂತ 57ನೇ ಕಲಂ ಇವತ್ತಿಗೂ ಹೇಳುತ್ತದೆ. ದೊರೆಗಳಿಗೆ ಬ್ರೆಡ್ಡು, ನಮ್ಮವರಿಗೆ ಮುದ್ದೆ ಅಂತ ಲೆಕ್ಕವಿರಬೇಕು. ನಮ್ಮವನು ಬ್ರೆಡ್ಡಿನ ದರ್ಜೆಯವನಾಗಿದ್ದರೆ ನನ್ನ ಗತಿ?

"ಚಿಂತೆ ಬೇಡ, ಊಟದ ದುಡ್ಡನ್ನೂ ದಾವೆಯ ಖರ್ಚಿಗೆ ಸೇರಿಸಿ ಅವನಿಂದಲೇ ವಸೂಲಿ ಮಾಡಬಹುದು" ಎಂದರು ವಕೀಲರು. ಖುಷಿಯಾಯ್ತು. ಆಮೇಲೆ ಕೆಳಗಿನ ಸಾಲು ಓದಿದರು: ಆ ಊಟದ ಬಾಕಿಗೆ ಮಾತ್ರ ಅವನನ್ನು ಜೈಲಿನಲ್ಲಿ ಇಡುವಂತಿಲ್ಲ. ಇಟ್ಟರೆ ಮತ್ತೆ ನಾನೇ ಊಟ ಹಾಕಬೇಕಲ್ವಾ, ಕಾನೂನಿಗೆ ನನ್ನ ಮೇಲೆ ಅಷ್ಟಾದರೂ ಕನಿಕರ. ನಾನು ಹಾಕಿದ ರಜೆ, ಆಟೋ, ಜೆರಾಕ್ಸಿನ ಲೆಕ್ಕವನ್ನಂತೂ ಕೇಳುವವರೇ ಇಲ್ಲ.

ಇಂಡಿಯಾದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಅಂತ ಬ್ರಿಟಿಷರ ಕಾಲದಲ್ಲಿ ನಮ್ಮ ಕೊನೆಯ ಅಪೀಲು ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ಅಮಲ್ಜಾರಿಯನ್ನು ಆರು ತಿಂಗಳಲ್ಲಿ ಮುಗಿಸಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2021ರಲ್ಲಿ. ನಡುವೆ ಬರೀ 149 ವರ್ಷ. ನನಗೂ ಅವಸರವೇನಿಲ್ಲ, ಡಿಕ್ರಿಗೆ 12 ವರ್ಷ ಆಯಸ್ಸಿದೆ.

ಮೊನ್ನೆ ಕೋರ್ಟಿನ ಹತ್ತಿರ ಆಸಾಮಿ ಸಿಕ್ಕ. ಗೆದ್ದವನು ಸೋತ, ಸೋತವನು ಸತ್ತ ಅಂತಾರೆ, ಇವನು ಸಾಯುವುದಿರಲಿ, ಎರಡು ಕೆಜಿ ಜಾಸ್ತಿಯೇ ಆಗಿದ್ದ. ಕಾಫಿ ಕುಡಿಯೋಣ ಅಂತ ಅವನೇ ಕರೆದ. ಟೋಕನ್ ತಗೊಳ್ಳುವಾಗ ಚಿಲ್ಲರೆ ಇಲ್ಲ ಅಂತ ಪಕ್ಕಕ್ಕೆ ಸರಿದು ನಿಂತ.

"ಇದನ್ನೂ ಖರ್ಚಿಗೆ ಸೇರಿಸ್ಕೊಳ್ಳಿ ಸಾರ್" ಅಂದ.