ಪ್ರವಾಸೋದ್ಯಮ ಪದವಿ: ಗಡಿನಾಡಿನ ಒಂದು ಅನುಭವ

ಪ್ರವಾಸೋದ್ಯಮ ಪದವಿಯ ಪಾಠಗಳಿಗೂ ಮುಂದೆ ದೊರೆಯುವ ಕೆಲಸಕ್ಕೂ ಹೊಂದಾಣಿಕೆಯಿಲ್ಲ ಎಂದು ವಿದ್ಯಾರ್ಥಿಗಳು ಲೇಖನವೊಂದರಲ್ಲಿ ಹೇಳಿಕೊಂಡಿರುವುದನ್ನು, ಕಾಸರಗೋಡಿನಲ್ಲಿ ಇದೇ ವಿಷಯ ಓದಿದವನಾಗಿ, ನಾನು ಅರ್ಧದಷ್ಟು ಮಾತ್ರ ಒಪ್ಪುತ್ತೇನೆ. ಮಂಗಳೂರು ವಿಮಾನ ನಿಲ್ದಾಣಕ್ಕೆ ಐಎಕ್ಸ್‌ಇ ಎಂಬಂತಹ ಸಂಕೇತಾಕ್ಷರಗಳನ್ನು ಬಾಯಿಪಾಠ ಮಾಡುವುದು ಬೇಸರದ ಕೆಲಸವೇ ಆದರೂ ಟಿಕೆಟ್ ಕಾಯ್ದಿರಿಸುವ ಕಚೇರಿಯಲ್ಲಿ ಅದು ಬೇಕೇ ಬೇಕು.

ನನಗೆ ನಿಜವಾದ ಪಾಠ ದೊರೆತದ್ದು ಬೇಕಲ ಕೋಟೆಯಲ್ಲಿ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದನೆಂದು ಹೇಳಲಾಗುವ ಆ ಕೋಟೆಯ ಹೊರಗೋಡೆಯ ಕಿಂಡಿಗಳ ಮುಂದೆ ನಮ್ಮ ಅಧ್ಯಾಪಕರು ನಮ್ಮನ್ನು ಒಬ್ಬೊಬ್ಬರಾಗಿ ನಿಲ್ಲಿಸಿ, ಬಗ್ಗಿಸಿ ನೋಡಿಸಿದರು: ಮೇಲಿನ ಕಿಂಡಿ ದೂರದ ಶತ್ರುವಿಗೆ, ಅದರ ಕೆಳಗಿನದು ಸಮೀಪಿಸಿದವನಿಗೆ, ತೀರ ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ಪ್ರವಾಸಿಗೆ ಏನು ಹೇಳಬೇಕೆಂಬುದರಷ್ಟೇ ಎಲ್ಲಿ ನಿಲ್ಲಿಸಿ ಹೇಳಬೇಕೆಂಬುದೂ ಮುಖ್ಯವೆಂದು ಅಂದು ತಿಳಿಯಿತು.

ನಾನು ಪೂರ್ತಿಯಾಗಿ ಒಪ್ಪುವುದು ಹೋಟೆಲ್ ತರಬೇತಿಯಲ್ಲಿ ಕಲಿಯುವುದಕ್ಕೆ ಹೆಚ್ಚೇನೂ ಸಿಗುವುದಿಲ್ಲವೆಂಬ ಆ ವಿದ್ಯಾರ್ಥಿಗಳ ದೂರನ್ನು. ನಾನು ಹೋದ ಹೋಟೆಲಿನಲ್ಲಿ ಅತಿಥಿಗಳ ಸಾಮಾನು ಸಾಗಿಸುವುದನ್ನು ಬಿಟ್ಟರೆ ಬೇರೇನನ್ನೂ ಕಲಿಸಲಿಲ್ಲ. ಕೊನೆಗೆ ಪ್ರಮಾಣಪತ್ರ ಮಾತ್ರ ಕೈಗೆ ಬಂತು. ಕನ್ನಡ, ತುಳು, ಮಲಯಾಳಗಳನ್ನು ಸಲೀಸಾಗಿ ಆಡುವ ಇಲ್ಲಿನ ವಿದ್ಯಾರ್ಥಿಗಳು ಮಧೂರು ದೇವಾಲಯವನ್ನಾಗಲಿ, ಅನಂತಪುರದ ಸರೋವರ ಕ್ಷೇತ್ರವನ್ನಾಗಲಿ, ಮಂಜೇಶ್ವರದ ಗೋವಿಂದ ಪೈ ಸ್ಮಾರಕವನ್ನಾಗಲಿ ಮೈಸೂರಿನಿಂದ ಬಂದವರಿಗೂ ಕಣ್ಣೂರಿನಿಂದ ಬಂದವರಿಗೂ ಅವರವರ ಭಾಷೆಯಲ್ಲೇ ವಿವರಿಸಬಲ್ಲರು. ಇಂತಹ ತಾಣಗಳಲ್ಲಿ ಮಾಡುವ ಮಾರ್ಗದರ್ಶಿ ಕೆಲಸವನ್ನು ಹೋಟೆಲ್ ತರಬೇತಿಗೆ ಸಮನೆಂದು ಪರಿಗಣಿಸಿ ಅಂಕ ನೀಡುವಂತೆ ವಿಶ್ವವಿದ್ಯಾಲಯಗಳ ಪಠ್ಯಕ್ರಮ ಸಮಿತಿಗಳನ್ನು ಒತ್ತಾಯಿಸುತ್ತೇನೆ.