ಇತರರು ಉಪಸ್ಥಿತರಿದ್ದರು

ಪೇಪರಿನ ಜಿಲ್ಲಾ ಪುಟದಲ್ಲಿ ಆ ಫೋಟೊ ನೀವೂ ನೋಡಿದ್ದೀರಿ. ಕಲಬುರಗಿಯ ಯಾವುದೋ ಒಂದು ವೃತ್ತ, ಶಾಮಿಯಾನದ ಅಂಗಡಿಯಿಂದ ತಂದ ಟೇಬಲ್ಲು, ಅದರ ಮೇಲೆ ನಾಲ್ಕು ಮಣ್ಣಿನ ಕೊಡ, ಕೊಡಗಳ ಕೊರಳಿಗೆ ಚೆಂಡು ಹೂವಿನ ಮಾಲೆ, ಹಿಂದೆ ಹದಿನೇಳು ಮಂದಿ. ಮಧ್ಯದಲ್ಲಿ ಒಂದು ಸ್ಟೀಲಿನ ಗ್ಲಾಸು, ಅದಕ್ಕೆ ಆರು ಕೈ. ಗ್ಲಾಸಿಗೆ ಏನೋ ಆಗಿದೆ, ಈಗಷ್ಟೇ ಆಸ್ಪತ್ರೆಯಿಂದ ಕರೆತಂದಿದ್ದಾರೆ ಅನ್ನುವ ಹಾಗೆ ಹಿಡಿದುಕೊಂಡಿದ್ದಾರೆ. ಕುಡಿಯುತ್ತಿರುವವರು ಯಾರೂ ಇಲ್ಲ. ಕೆಳಗೆ ‘ಅರವಟಿಗೆ ಉದ್ಘಾಟನೆ’ ಎಂದಿದೆ, ಅಂದರೆ ದಾರಿಹೋಕರಿಗೆ ಪುಕ್ಕಟೆ ಕುಡಿಯುವ ನೀರು.

ಏಪ್ರಿಲ್ ಬಂದರೆ ನಮ್ಮ ಕಡೆ ಸೂರ್ಯ ಸರ್ಕಾರವನ್ನೇ ಬಗ್ಗಿಸುತ್ತಾನೆ. ಕಚೇರಿಗಳ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಸರಿಯುತ್ತದೆ. ಹಾಗೇ ಸಂಘ-ಸಂಸ್ಥೆಗಳ ಹೃದಯವೂ ಕರಗುತ್ತದೆ. ಮಣ್ಣಿನ ಕೊಡವೊಂದು ಹದಿನೈದು ಲೀಟರ್ ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ನಾಲ್ಕಕ್ಕೆ 60 ಲೀಟರ್, ಅಂದರೆ ಕಾಲು ಲೀಟರಿನ 240 ಗ್ಲಾಸು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಹಾದಿಯಲ್ಲಿಟ್ಟರೆ ಎಷ್ಟು ಹೊತ್ತಿಗೆ ತಳ ಕಾಣುತ್ತದೆಂದು ಆ ಹಾದಿ ಹಿಡಿದವರಿಗೆಲ್ಲ ಗೊತ್ತು. ಅಷ್ಟೇಕೆ, ಫೋಟೊದಲ್ಲಿ ನಿಂತವರೇ ತಲಾ ಮೂರೂವರೆ ಲೀಟರ್ ಕುಡಿದರೆ ಅಲ್ಲಿಗೇ ಯೋಜನೆ ಮುಕ್ತಾಯ.

ಆದರೆ ಇದನ್ನು ಸುದ್ದಿ ಮಾಡಿರೆಂದು ಸಂಘದವರು ಪತ್ರಿಕೆಗೆ ಕಳಿಸುವ ಪ್ರೆಸ್ ನೋಟ್ ಮುಕ್ತಾಯವಾಗುವುದಿಲ್ಲ. ಅದು ಎರಡು ಪುಟ. ‘ಮಾನ್ಯ ಸಂಪಾದಕರಿಗೆ, ತಮ್ಮ ಜನಪ್ರಿಯ ದಿನಪತ್ರಿಕೆಯಲ್ಲಿ ಪ್ರಕಟಣೆಯ ಕೃಪೆಗಾಗಿ’ ಎಂದು ಶುರುವಾಗಿ, ಜೀವಜಲದ ಮಹತ್ವ, ಪುರಾತನ ಕಾಲದಿಂದ ಬಂದ ದಾನದ ಪರಂಪರೆ, ನಮ್ಮ ಅಧ್ಯಕ್ಷರ ಬಾಲ್ಯದ ಬವಣೆ ಎಲ್ಲ ದಾಟಿ, ನಲವತ್ತು ಹೆಸರುಗಳಲ್ಲಿ ಬಂದು ನಿಲ್ಲುತ್ತದೆ. ನೀರು ಎಲ್ಲಿದೆ? ಯಾವ ವೃತ್ತ, ಯಾವ ಮಗ್ಗುಲು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾವ ತಾರೀಖಿನ ತನಕ? ಒಂದಕ್ಷರ ಇಲ್ಲ. ಬಾಯಾರಿದವನು ಪೇಪರ್ ಓದಿ ನೀರು ಹುಡುಕಿಕೊಂಡು ಬಂದಾನು ಎಂಬ ಭಯ ಇರಬೇಕು.

ಆ ನಲವತ್ತು ಹೆಸರುಗಳ ಕೊನೆಗೆ ಒಬ್ಬರಿರುತ್ತಾರೆ: ‘ಇತರರು’. ‘ಸೇರಿದಂತೆ ಇತರರು ಉಪಸ್ಥಿತರಿದ್ದರು.’ ಈ ಇತರರು ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯಲ್ಲಿ ಇಲ್ಲದ ಜಾಗವಿಲ್ಲ. ಬೆಳಗ್ಗೆ ಸೇಡಂನಲ್ಲಿ ರಕ್ತದಾನ, ಅದೇ ಹೊತ್ತಿಗೆ ಬೀದರ್‌ನಲ್ಲಿ ಸಸಿ ನೆಡುವುದು, ಸಂಜೆ ಶಹಾಪುರದಲ್ಲಿ ನೋಟ್‌ಬುಕ್ ವಿತರಣೆ. ದಣಿವು ಅಂಬುದಿಲ್ಲ. ಇಷ್ಟು ವರ್ಷ ಸಮಾಜಸೇವೆ ಮಾಡಿದರೂ ಇವರಿಗೊಂದು ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿ ಬಂದಿಲ್ಲ. ವಿಚಾರಿಸಿ ನೋಡಿ, ಬೆಳಗ್ಗೆ ಆರಕ್ಕೆ ಟ್ಯಾಂಕರಿನವನಿಗೆ ಫೋನು ಹಚ್ಚಿ, ಕೊಡ ತೊಳೆದು, ತುಂಬಿಸಿಟ್ಟವರು ಇವರೇ. ಫೋಟೊ ಹೊಡೆಯುವಾಗ ‘ಸ್ವಲ್ಪ ಈ ಕಡಿ ಸರೀರಿ’ ಅನ್ನಿಸಿಕೊಂಡವರೂ ಇವರೇ.

ಉಳಿದವರಿಗೆ ಮಾತ್ರ ಒಬ್ಬೊಬ್ಬರಿಗೊಂದು ಕ್ರಿಯಾಪದ ಮೀಸಲು. ಒಬ್ಬರು ಉದ್ಘಾಟಿಸಿದರು, ಒಬ್ಬರು ಅಧ್ಯಕ್ಷತೆ ವಹಿಸಿದ್ದರು, ಒಬ್ಬರು ಪ್ರಾಸ್ತಾವಿಕವಾಗಿ ಮಾತನಾಡಿದರು. ಆಮೇಲೆ ಸ್ವಾಗತಿಸಿದರು, ನಿರೂಪಿಸಿದರು, ಪ್ರಾರ್ಥಿಸಿದರು, ವಂದಿಸಿದರು. ಕ್ರಿಯಾಪದ ಖಾಲಿಯಾದ ಮೇಲೂ ಮನುಷ್ಯರು ಉಳಿದರೆ ‘ಸಾನ್ನಿಧ್ಯ’, ‘ನೇತೃತ್ವ’, ‘ಸಮ್ಮುಖ’, ‘ಘನ ಉಪಸ್ಥಿತಿ’ ಎಂದು ನಾಮಪದ ಹಂಚುತ್ತಾರೆ. ಸಾನ್ನಿಧ್ಯದ ‘ನಿ’ಗೆ ಒತ್ತಕ್ಷರ ಹಾಕಿ ಸರಿಯಾಗಿ ಬರೆದ ಪ್ರೆಸ್ ನೋಟ್ ಸಿಕ್ಕರೆ, ಪತ್ರಿಕೆಯಲ್ಲಿ ಸುದ್ದಿ ತಿದ್ದುವ ಡೆಸ್ಕಿನಲ್ಲಿ ಅದನ್ನು ಚೌಕಟ್ಟು ಹಾಕಿಸಿ ಇಡಬೇಕು. ಇನ್ನು ‘ಸಂಯುಕ್ತಾಶ್ರಯ’. ನಾಲ್ಕು ಕೊಡಕ್ಕೆ ಐದು ಸಂಸ್ಥೆಗಳ ಸಂಯುಕ್ತಾಶ್ರಯ! ಐದನೆಯದಕ್ಕೆ ಬಹುಶಃ ಗ್ಲಾಸು.

ಪತ್ರಿಕೆಗಳ ಜಿಲ್ಲಾ ಪುಟಕ್ಕೆ ಇವೆಲ್ಲ ಬೇಡವೆಂದಲ್ಲ, ಜಾಗವಿಲ್ಲ. ಸಿಂಗಲ್ ಕಾಲಂ ಸುದ್ದಿಯೆಂದರೆ ನೂರು-ನೂರೈವತ್ತು ಪದ. ಡೆಸ್ಕಿನವರು ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ನಿಮ್ಮ ನೋಟ್‌ನಲ್ಲಿ ಮುಖ್ಯ ಸಂಗತಿ ಎರಡನೇ ಪುಟದ ಕೊನೆಗಿದ್ದರೆ, ಉಳಿಯುವುದು ಜೀವಜಲದ ಮಹತ್ವ, ಹೋಗುವುದು ನೀರು. ಕತ್ತರಿ ಹಾಕಿದರೂ ಸಾಯದ ಹಾಗೆ ಬರೆಯುವುದು ಸರಳ: ಮೊದಲ ಎರಡು ಸಾಲಿನಲ್ಲಿ ಎಲ್ಲಿ, ಯಾವಾಗಿಂದ, ಎಷ್ಟು, ಯಾರಿಗೆ. ಮೂರನೆಯದರಲ್ಲಿ ಯಾಕೆ. ಆಮೇಲೆ ಒಬ್ಬರ, ಒಬ್ಬರೇ ಒಬ್ಬರ, ಎರಡು ಸಾಲಿನ ಮಾತು. ಕೊನೆಗೆ ಸಂಪರ್ಕದ ಹೆಸರು, ಫೋನ್ ನಂಬರು. ಆ ನಂಬರು ಎತ್ತುವವರದ್ದಾಗಿರಲಿ. ಅಧ್ಯಕ್ಷರ ನಂಬರು ಕೊಟ್ಟು ಅಧ್ಯಕ್ಷರು ಮಧ್ಯಾಹ್ನ ಮಲಗಿದರೆ ಸುದ್ದಿಯೂ ಮಲಗುತ್ತದೆ. ಎಲ್ಲ ಸೇರಿ 200 ಪದ ದಾಟಬಾರದು. ನಲವತ್ತು ಹೆಸರು ಬರೆಯದಿದ್ದರೆ ಸಂಘವೇ ಒಡೆಯುತ್ತದೆ ಎಂದಾದರೆ ಬೇರೆ ಹಾಳೆಯಲ್ಲಿ ಬರೆದು ಸಂಘದ ಬಾಗಿಲಿಗೆ ಅಂಟಿಸಿರಿ.

ಕಾರ್ಯಕ್ರಮಕ್ಕಿಂತ ಮೊದಲೇ ಬರುವ ವರದಿಗಳದ್ದು ಇನ್ನೊಂದು ಚೆಂದ. ಬೆಳಗ್ಗೆ 11ಕ್ಕೆ ಉದ್ಘಾಟನೆ, 9.30ಕ್ಕೇ ವಾಟ್ಸ್‌ಆ್ಯಪ್‌ನಲ್ಲಿ ‘ಅವರು ಮಾತನಾಡಿ, ನೀರನ್ನು ಮಿತವಾಗಿ ಬಳಸಬೇಕೆಂದು ಕರೆ ನೀಡಿದರು’. ಕರೆ ನೀಡಬೇಕಾದವರು ಆ ಹೊತ್ತಿಗೆ ಹುಮನಾಬಾದ್ ದಾಟಿರುವುದಿಲ್ಲ. ಕೆಲವೊಮ್ಮೆ ಬರುವುದೇ ಇಲ್ಲ. ಮರುದಿನ ಪೇಪರ್‌ನಲ್ಲಿ ಕರೆ ನೀಡಿರುತ್ತಾರೆ, ಜನ ಚಪ್ಪಾಳೆಯನ್ನೂ ತಟ್ಟಿರುತ್ತಾರೆ. ಇದಕ್ಕಿಂತ ಮೇಲಿನ ಮಟ್ಟ, ಹೋದ ವರ್ಷದ ಫೈಲ್ ತೆಗೆದು ತಾರೀಖು ಬದಲಿಸಿ ಕಳಿಸುವುದು. ತಾರೀಖು ಬದಲಾಗುತ್ತದೆ, ವರ್ಗವಾಗಿ ಹೋದ ಅಧಿಕಾರಿಯ ಹೆಸರು ಬದಲಾಗುವುದಿಲ್ಲ. ಪಾಪ, ಅವರು ಹೊಸ ಊರಿನಲ್ಲಿ ಕೂತೇ ಇಲ್ಲಿ ಟೇಪ್ ಕತ್ತರಿಸಬೇಕು.

‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಮೇಲ್‌ಗೆ ಅಂಟಿಸಿದ ಪ್ರಕಟಣೆ ತೆರೆದವರಿಗೆ ಗೊತ್ತು. ಹಳೆಯ ಫಾಂಟು ಆ ಕಡೆ ಇಲ್ಲದಿದ್ದರೆ ಬರುವುದು ಡಾಲರ್ ಗುರುತು, ತಲೆಯ ಮೇಲೆ ಟೊಪ್ಪಿಗೆ ಇಟ್ಟುಕೊಂಡ ಇಂಗ್ಲಿಷ್ ಅಕ್ಷರ. ಪರಿವರ್ತಕದಲ್ಲಿ ಹಾಕಿದರೆ ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಒಂದು ಕಡೆ. ಅದಕ್ಕೇ ಯೂನಿಕೋಡ್‌ನಲ್ಲಿ, ಮೇಲ್‌ನ ಒಡಲಲ್ಲೇ ಬರೆದು ಕಳಿಸಿ ಎಂದು ಗಂಟಲು ಹರಿದುಕೊಳ್ಳುವುದು. ನಮ್ಮವರು ಏನು ಮಾಡುತ್ತಾರೆ? ಲೆಟರ್‌ಹೆಡ್ ಮೇಲೆ ಪ್ರಿಂಟ್ ತೆಗೆದು, ಸೀಲು ಒತ್ತಿ, ಸಹಿ ಮಾಡಿ, ಆ ಹಾಳೆಯನ್ನು ಹಾಸಿಗೆಯ ಮೇಲಿಟ್ಟು ಫೋಟೊ ಹೊಡೆದು ಕಳಿಸುತ್ತಾರೆ. ಹೆಬ್ಬೆರಳೂ ಬಂದಿರುತ್ತದೆ. ಅದನ್ನು ಮತ್ತೆ ಟೈಪ್ ಮಾಡಲು ಡೆಸ್ಕಿನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಮೇಲ್‌ನ ವಿಷಯದ ಜಾಗದಲ್ಲಿ ‘ಪತ್ರಿಕಾ ಪ್ರಕಟಣೆ’ ಎಂದಷ್ಟೇ ಇರುತ್ತದೆ. ಅವತ್ತು ಬಂದ ಎಲ್ಲ ಮೇಲ್‌ಗಳಲ್ಲೂ ಅದೇ ಇರುತ್ತದೆ. ‘ಬಸ್ ನಿಲ್ದಾಣದ ಎದುರು ಮೇ 31ರವರೆಗೆ ಉಚಿತ ಕುಡಿಯುವ ನೀರು’ ಎಂದು ಬರೆದರೆ ತೆರೆದು ನೋಡುತ್ತಾರೆ, ಅದೇ ಶೀರ್ಷಿಕೆಯೂ ಆಗುತ್ತದೆ. ಅಷ್ಟು ಉಪಕಾರ ಯಾರೂ ಮಾಡುವುದಿಲ್ಲ.

ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಕುಗ್ಗಿ, ಅಚ್ಚಿನಲ್ಲಿ ಮುಖಗಳೆಲ್ಲ ತೊಗರಿ ಬೇಳೆಯ ಹಾಗೆ ಕಾಣುತ್ತವೆ. ಡಾಕ್ಯುಮೆಂಟ್ ಮಾಡಿ ಕಳಿಸಬೇಕು, ಇಲ್ಲವೇ ಮೇಲ್‌ಗೆ ಲಗತ್ತಿಸಬೇಕು. ಡಬಲ್ ಕಾಲಂ ಅಗಲದಲ್ಲಿ ಹದಿನೇಳು ಮುಖ ನಿಲ್ಲಿಸಿದರೆ ಒಂದೊಂದು ಮುಖ ಅರ್ಧ ಸೆಂಟಿಮೀಟರ್. ಅಧ್ಯಕ್ಷರನ್ನು ಅವರ ಮನೆಯವರೇ ಗುರುತಿಸಲಾರರು. ಒಬ್ಬ ಆಟೊ ಚಾಲಕ ನೀರು ಕುಡಿಯುತ್ತಿರುವ ಚಿತ್ರ ಕಳಿಸಿ ನೋಡಿ. ಪುಟ ಮಾಡುವವನು ಅದನ್ನು ತಾನಾಗಿ ದೊಡ್ಡದು ಮಾಡುತ್ತಾನೆ.

ನಗುವುದಕ್ಕೆ ಇದೆಲ್ಲ ಸರಿ. ಆಸ್ಪತ್ರೆ ವಾರ್ಡಿನ ಫೋಟೊ ನೋಡಿ ನಗಲು ಆಗುವುದಿಲ್ಲ. ನಾಯಕರ ಹುಟ್ಟುಹಬ್ಬಕ್ಕೆ ರೋಗಿಗಳಿಗೆ ಹಣ್ಣು, ಬ್ರೆಡ್. ಒಂದು ಕೈಗೆ ಸಲೈನ್ ಸೂಜಿ ಚುಚ್ಚಿದ್ದಾರೆ, ಇನ್ನೊಂದು ಕೈಗೆ ಬಾಳೆಹಣ್ಣು ತುರುಕಿದ್ದಾರೆ. ಆ ಹೆಣ್ಣುಮಗಳು ಸೆರಗು ಸರಿಮಾಡಿಕೊಳ್ಳಲೂ ಆಗದೆ ಕ್ಯಾಮೆರಾ ನೋಡುತ್ತಿದ್ದಾಳೆ. ‘ಈ ಕಡಿ ನೋಡಬೇ’ ಎಂದು ಯಾರೋ ಕೂಗಿದ್ದಾರೆ, ಅದಕ್ಕೆ ನೋಡುತ್ತಿದ್ದಾಳೆ. ಅವಳನ್ನು ಕೇಳಿದಿರಾ? ಅವಳ ಊರಲ್ಲಿ ಪೇಪರ್ ಓದುವವರಿದ್ದಾರೆ. ಬಾಲಮಂದಿರದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬ್ಯಾಗ್ ಹಂಚಿ ಮುಖ ಕಾಣುವ ಹಾಗೆ ಫೋಟೊ ಕೊಡುತ್ತೀರಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಪೋಷಣೆ, ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡುವಂತಿಲ್ಲ. ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಳಿಸಿದವರಿಗೂ ಗೊತ್ತಿಲ್ಲ, ಹಾಕಿದವರೂ ನೋಡಲಿಲ್ಲ. ಸಾಕಾಗಿದೆ ಇದು. ನಿಜವಾಗಿಯೂ ಸಾಕಾಗಿದೆ.

ಹೋಗಲಿ, ಕೊಡಕ್ಕೇ ಬರೋಣ. ಮಣ್ಣಿನ ಕೊಡ ನೀರು ತಂಪು ಮಾಡುವುದು ಅದರ ಮೈಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವುದರಿಂದ. ನಮ್ಮ ಒಣ ಬಿಸಿಲಿಗೆ ಅದು ಹೇಳಿ ಮಾಡಿಸಿದ್ದು. ಆದರೆ ನೆರಳಿರಬೇಕು, ಗಾಳಿಯಾಡಬೇಕು, ಅಡಿಯಲ್ಲಿ ಹಸಿ ಉಸುಕು ಹಾಕಬೇಕು. ಹೊಸ ಕೊಡವನ್ನು ಒಂದು ದಿನ ನೀರಲ್ಲಿ ನೆನೆಸಿ ತೊಳೆಯಬೇಕು, ಇಲ್ಲದಿದ್ದರೆ ಮಣ್ಣಿನ ವಾಸನೆ. ಅದಕ್ಕೆ ಬಣ್ಣ ಬಳಿದು ಸಂಸ್ಥೆಯ ಹೆಸರು ಬರೆಸಿದರೆ ರಂಧ್ರಗಳೆಲ್ಲ ಮುಚ್ಚಿ ಕೊಡ ಕಾಯುತ್ತದೆ. ನಮ್ಮಲ್ಲಿ ಬರೆಸುತ್ತಾರೆ. ಸುತ್ತಲೂ ಆಯಿಲ್ ಪೇಂಟು, ಮಧ್ಯೆ ಕಾರ್ಯದರ್ಶಿಗಳ ಹೆಸರು, ಒಳಗೆ ಚಹಾಕ್ಕೆ ಆಗುವಷ್ಟು ಬಿಸಿ ನೀರು. ಮೇಲಿನ ಫ್ಲೆಕ್ಸ್ ಮಾತ್ರ ಎಂಟಡಿಗೆ ನಾಲ್ಕಡಿ. ಪ್ಲಾಸ್ಟಿಕ್ ಫ್ಲೆಕ್ಸ್ ಅನ್ನು ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆಂಬುದು ಫ್ಲೆಕ್ಸ್ ಹಾಕಿಸುವವರಿಗೂ ಹಾಕುವವರಿಗೂ ಗೊತ್ತು. ಮಳೆ ಬಂದಾಗ ಅದು ಶೇಂಗಾ ಬಂಡಿಯ ಮೇಲೆ ಹೊದಿಕೆಯಾಗಿ, ಅಧ್ಯಕ್ಷರು ತಲೆಕೆಳಗಾಗಿ ನಗುತ್ತಿರುತ್ತಾರೆ. ಇಡೀ ಕಾರ್ಯಕ್ರಮದಲ್ಲಿ ಜನರಿಗೆ ಉಪಯೋಗವಾಗುವುದು ಅದೊಂದೇ.

ಇಷ್ಟೆಲ್ಲ ಯಾಕೆ ಅಂದರೆ ಕಟಿಂಗ್‌ಗಾಗಿ. ಕಂಪನಿ ಕಾಯ್ದೆ 2013ರ 135ನೇ ಕಲಂ ಅಡಿ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಆ ಹಣ ಕೇಳಲು ಹೋಗುವಾಗ ಕಡತದಲ್ಲಿ ಪೇಪರ್ ಕಟಿಂಗ್ ಇರಬೇಕೆಂಬ ನಂಬಿಕೆ. ಹಣ ಬಳಕೆಯ ಪ್ರಮಾಣಪತ್ರ ಕೊಡುವ ಲೆಕ್ಕಪರಿಶೋಧಕರಿಗೆ ಬೇಕಾದದ್ದು ಬಿಲ್ಲು, ವೋಚರು. ವಾರ್ಷಿಕ ವರದಿಯಲ್ಲಿ ಮಾತ್ರ ಕಟಿಂಗ್‌ಗಳ ಕಲರ್ ಝೆರಾಕ್ಸ್. ಕೊಡ ಒಡೆದರೂ ಕಟಿಂಗ್‌ಗೆ ಲ್ಯಾಮಿನೇಷನ್ ಆಗಿರುತ್ತದೆ.

ಪತ್ರಿಕೆಗಳೇನು ಸತ್ಯಹರಿಶ್ಚಂದ್ರರಲ್ಲ. ತಾಲ್ಲೂಕಿಗೊಬ್ಬ ಅರೆಕಾಲಿಕ ವರದಿಗಾರ, ಅವನಿಗೆ ಸಿಗುವುದು ಪೆಟ್ರೋಲಿಗೆ ಸಾಲದು, ಜೊತೆಗೆ ಜಾಹೀರಾತು ತರುವ ಗುರಿ. ಪ್ರಕಟಣೆ ಹಾಕಿಸಿಕೊಂಡ ಸಂಸ್ಥೆಗೆ ವಿಶೇಷ ಪುರವಣಿಯ ಹೊತ್ತಿಗೆ ‘ಒಂದು ಶುಭಾಶಯ ಕೊಡ್ರಿ’ ಎಂಬ ಫೋನು ಹೋಗುತ್ತದೆ. ಆ ಕಡೆಯಿಂದ ಫೋನು ಬರುವುದು ಸಂಜೆ ಏಳಕ್ಕೆ, ಪುಟ ಮುಗಿಸುವ ಗಡಿಬಿಡಿಯಲ್ಲಿ: ‘ಸರ, ನಮ್ದು ಸುದ್ದಿ ಹಾಕಲತ್ತೀರಿಲ್ರಿ? ಅಧ್ಯಕ್ಷರು ಬೈಲತ್ತಾರ.’ ಮಧ್ಯಾಹ್ನ ಮೂರರೊಳಗೆ ಕಳಿಸಿದ್ದರೆ ಬೈಸಿಕೊಳ್ಳುವ ಪ್ರಸಂಗವೇ ಇರುತ್ತಿರಲಿಲ್ಲ. ಪರಿಸರ ದಿನ, ಜೂನ್ 5ರಂದು ಸಸಿ ನೆಟ್ಟು ಜಾಗ ಕೇಳಿದರೆ ಎಲ್ಲಿಂದ ಕೊಡುತ್ತಾರೆ? ಅವತ್ತು ಇಡೀ ಜಿಲ್ಲೆ ಗುದ್ದಲಿ ಹಿಡಿದು ನಿಂತಿರುತ್ತದೆ, ಅದೂ ಹೋದ ವರ್ಷದ ಗುಂಡಿಗೇ. ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವ, ಹೋಳಿಯ ಬೆನ್ನಿಗೆ ಶರಣಬಸವೇಶ್ವರರ ಜಾತ್ರೆ, ಅವತ್ತೂ ಪುಟ ಸಿಗದು. ಹೋದ ವರ್ಷದ ನೂರು ಸಸಿಯಲ್ಲಿ ಎಷ್ಟು ಬದುಕಿವೆ ಎಂದು ಮೇ ಕೊನೆಗೆ ಎಣಿಸಿ ಕಳಿಸಿ, ಅದು ಸುದ್ದಿ. ಹನ್ನೊಂದೇ ಬದುಕಿದ್ದರೂ ಸುದ್ದಿಯೇ. ಆಕಾಶವಾಣಿ ಕಲಬುರಗಿಗೂ ಒಂದು ಪ್ರತಿ ಹೋಗಲಿ, ಉರ್ದು ಪತ್ರಿಕೆಗಳಿಗೆ ಉರ್ದುವಿನಲ್ಲೇ ಬರೆಸಿ ಕಳಿಸಿ. ದಾಹಕ್ಕೆ ಭಾಷೆಯಿಲ್ಲ ಎಂದು ಭಾಷಣ ಮಾಡುವವರು ಪ್ರಕಟಣೆ ಕಳಿಸುವಾಗ ಅದನ್ನು ಮರೆಯುತ್ತಾರೆ.

ಸುರಪುರ, ಶಹಾಪುರದ ಕಡೆ ಗುಳೆ ಹೋದವರ ಮಕ್ಕಳನ್ನು ಊರಲ್ಲೇ ಉಳಿಸಿಕೊಂಡು, ಉಣ್ಣಿಸಿ, ಶಾಲೆಗೆ ಕಳಿಸುವವರು ಇದ್ದಾರೆ. ಅವರ ಪ್ರಕಟಣೆ ಬರುವುದಿಲ್ಲ. ಬರೆಯಲು ಬರುವುದಿಲ್ಲ, ಬರೆಯಲು ಹೊತ್ತೂ ಇಲ್ಲ. ಎಷ್ಟು ಮಕ್ಕಳು, ಯಾವ ತಿಂಗಳಿಂದ ಯಾವ ತಿಂಗಳ ತನಕ, ಅಕ್ಕಿ ಎಲ್ಲಿಂದ ಬಂತು ಎಂದು ನಾಲ್ಕು ಸಾಲು ಬರೆದರೂ ನಾಲ್ಕು ಕೊಡಗಳ ಸುದ್ದಿಗಿಂತ ಚೆನ್ನಾಗಿರುತ್ತದೆ.

ಈ ಬೇಸಿಗೆಗೆ ಹೊಸ ಪ್ರಕಟಣೆ ಬರೆಯುವವರು ಮೊದಲ ಸಾಲಿನಲ್ಲಿ ಜಾಗ, ವೇಳೆ ಹಾಕಲಿ. ಎರಡನೇ ಸಾಲಿನಲ್ಲಿ ದಿನಕ್ಕೆ ಎಷ್ಟು ಸಲ ಕೊಡ ತುಂಬುತ್ತದೆ, ತುಂಬುವವರು ಯಾರು ಎಂದು ಆ ಮನುಷ್ಯನ ಹೆಸರು ಹಾಕಲಿ, ಅವನು ಒಪ್ಪಿದರೆ ಫೋನ್ ನಂಬರನ್ನೂ. ಕಟ್ಟಕಡೆಗೆ ಬೇಕಾದರೆ ಬರೆದುಕೊಳ್ಳಲಿ: ‘ಅಧ್ಯಕ್ಷರು ಸೇರಿದಂತೆ ಇತರರು ಉಪಸ್ಥಿತರಿದ್ದರು.’ ಡೆಸ್ಕಿನವರು ಕತ್ತರಿಸುವುದು ಕೆಳಗಿನಿಂದ ಅಂತ ಆಗಲೇ ಹೇಳಿದೆ.